ಕಾಣದ ಶತ್ರುವನ್ನು ಗೆದ್ದ ಶಸ್ತ್ರವೈದ್ಯ

ಶಸ್ತ್ರವೈದ್ಯನ ಹಿರಿಮೆ ಕತ್ತಿಯ ಚುರುಕಿನಲ್ಲಿದೆಯೆಂದು ಜನ ಎಣಿಸುತ್ತಿದ್ದ ಕಾಲವೊಂದಿತ್ತು. ಜೋಸೆಫ್ ಲಿಸ್ಟರನ ಬಾಳನ್ನು ನೆನೆದಾಗಲೆಲ್ಲ ಆ ಹಿರಿಮೆ ಬೇರೆಡೆ ಇದೆಯೆಂದು ನನಗೆ ತೋರುತ್ತದೆ.

1827ರಲ್ಲಿ ಇಂಗ್ಲೆಂಡಿನ ಕ್ವೇಕರ್ ಮನೆತನವೊಂದರಲ್ಲಿ ಆತ ಜನಿಸಿದ. ತಂದೆ ದ್ರಾಕ್ಷಾಮದ್ಯದ ವರ್ತಕ. ಆದರೂ ಸೂಕ್ಷ್ಮದರ್ಶಕವನ್ನು ಸುಧಾರಿಸಿ ವಿದ್ವಾಂಸರ ಮನ್ನಣೆ ಗಳಿಸಿದವನು. ಕಣ್ಣಿಗೆ ಕಾಣದುದನ್ನು ಅರಸುವ ಹಂಬಲ ಮಗನಿಗೆ ಮನೆಯಲ್ಲೇ ದೊರೆತ ಆಸ್ತಿ. ಲಂಡನ್ನಿನಲ್ಲಿ ಓದಿ, ಎಡಿನ್‌ಬರೋದಲ್ಲಿ ಜೇಮ್ಸ್ ಸೈಮನ ಬಳಿ ಪಳಗಿ, ಗುರುಪುತ್ರಿ ಆಗ್ನೆಸಳನ್ನು ವರಿಸಿದ.

1861ರಲ್ಲಿ ಲಿಸ್ಟರ್ ಗ್ಲಾಸ್ಗೋ ರಾಯಲ್ ಆಸ್ಪತ್ರೆಯ ಶಸ್ತ್ರವೈದ್ಯನಾದ. ಕ್ಲೋರೋಫಾರಂ ನೋವನ್ನು ನೀಗಿತ್ತು, ಸಾವನ್ನು ನೀಗಿರಲಿಲ್ಲ. ಶಸ್ತ್ರಕ್ರಿಯೆ ಸಫಲವಾದರೂ ಗಾಯ ಕೊಳೆತು ರೋಗಿಗಳು ಸಾಯುತ್ತಿದ್ದರು. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂಬ ಪಾಶ್ಚರನ ಸಂಶೋಧನೆ ಆತನ ಕಣ್ತೆರೆಸಿತು. ಚರಂಡಿಯ ದುರ್ಗಂಧ ಕಳೆಯಲು ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಆಯ್ದುಕೊಂಡ. 1865ರ ಆಗಸ್ಟಿನಲ್ಲಿ ಗಾಡಿಯ ಚಕ್ರ ಹರಿದು ಕಾಲೆಲುಬು ಮುರಿದ 11 ವರ್ಷದ ಬಾಲಕನೊಬ್ಬ ಬಂದ. ಮುರಿದೆಡೆ ಗಾಯವೂ ತೆರೆದಿದ್ದರೆ ಕಾಲನ್ನೇ ಕತ್ತರಿಸುವುದು ಅಂದಿನ ರೂಢಿ. ಲಿಸ್ಟರ್ ಆಮ್ಲದಲ್ಲಿ ತೋಯಿಸಿದ ಪಟ್ಟಿಯಿಂದ ಗಾಯವನ್ನು ಮುಚ್ಚಿದ. ಆರು ವಾರಗಳಲ್ಲಿ ಎಲುಬು ಕೂಡಿತು, ಕಾಲು ಉಳಿಯಿತು.

ಹೊಸ ವಿಧಾನಕ್ಕೆ ಮುನ್ನ ಅಂಗಚ್ಛೇದವಾದ 35 ಮಂದಿಯಲ್ಲಿ 16 ಮಂದಿ ಸತ್ತಿದ್ದರು. ಅನಂತರ 40 ಮಂದಿಯಲ್ಲಿ ಆರೇ ಮಂದಿ. ಆದರೂ ಅನೇಕ ವೈದ್ಯರು ಬಹುಕಾಲ ನಂಬಲಿಲ್ಲ. ನಂಬಿದ್ದರೆ ತಮ್ಮ ಕೈಗಳೇ ಸಾವನ್ನು ಹೊತ್ತು ತಂದವೆಂದು ಒಪ್ಪಬೇಕಾಗುತ್ತಿತ್ತು.

1877ರಲ್ಲಿ ಲಂಡನ್ನಿಗೆ ಬಂದ ಲಿಸ್ಟರ್ 1897ರಲ್ಲಿ ಲಾರ್ಡ್ ಪದವಿ ಪಡೆದು, 1912ರಲ್ಲಿ ತೀರಿಕೊಂಡ. ತಾನೇ ಬಳಕೆಗೆ ತಂದಿದ್ದ ಕಾರ್ಬಾಲಿಕ್ ತುಂತುರು ಅನಗತ್ಯವೆಂದು ಕಂಡಾಗ, 1890ರಲ್ಲಿ ಬಹಿರಂಗವಾಗಿಯೇ ಅದನ್ನು ತ್ಯಜಿಸಿದ್ದ. ತನ್ನ ಕೈಯನ್ನೇ ಶಂಕಿಸಬಲ್ಲ ಆ ವಿನಯದಲ್ಲಿ ನಾನು ಆತನ ಹಿರಿಮೆಯನ್ನು ಕಾಣುತ್ತೇನೆ.