ಸಾಲದ ಫಿಯಟ್ ಕಾರು ಮತ್ತು ಲಾಲ್ ಬಹದ್ದೂರ್ ಶಾಸ್ತ್ರಿ

ಭಾರತದ ಎರಡನೆಯ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ನಿಧನರಾದಾಗ ಕುಟುಂಬದ ಪಾಲಿಗೆ ಉಳಿದದ್ದು ಒಂದು ಫಿಯಟ್ ಕಾರು ಮತ್ತು ಆ ಕಾರಿನ ಮೇಲಿನ ಸಾಲ. ಅಧಿಕಾರದ ತುತ್ತತುದಿಯನ್ನು ತಲುಪಿದವರ ಬಾಳಿನಲ್ಲಿ ಇಂಥ ಲೆಕ್ಕ ಕಾಣಸಿಗುವುದು ಅಪರೂಪ.

ಶಾಸ್ತ್ರಿಯವರು ಜನಿಸಿದ್ದು 1904ರ ಅಕ್ಟೋಬರ್ 2ರಂದು, ಮೊಘಲ್‌ಸರಾಯ್‌ನಲ್ಲಿ. ಇನ್ನೂ ಕೈಗೂಸಾಗಿದ್ದಾಗಲೇ ತಂದೆ ಶಾರದಾ ಪ್ರಸಾದರನ್ನು ಕಳೆದುಕೊಂಡರು. ತಾಯಿ ರಾಮ್‌ದುಲಾರಿ ದೇವಿ ತವರಿನ ಆಸರೆಯಲ್ಲಿ ಮಕ್ಕಳನ್ನು ಬೆಳೆಸಿದರು. ಕಾಶಿ ವಿದ್ಯಾಪೀಠದಲ್ಲಿ ಪಡೆದ ಶಾಸ್ತ್ರಿ ಎಂಬ ಪದವಿಯೇ ಮುಂದೆ ಅವರ ಹೆಸರಾಯಿತು. 1928ರಲ್ಲಿ ಮಿರ್ಜಾಪುರದ ಲಲಿತಾ ದೇವಿಯವರನ್ನು ವಿವಾಹವಾದರು. ಸ್ವಾತಂತ್ರ್ಯ ಹೋರಾಟದಲ್ಲಿ ಪತಿ ಮತ್ತೆ ಮತ್ತೆ ಸೆರೆಮನೆ ಸೇರಿದಾಗ ಸಂಸಾರದ ನೊಗ ಹೊತ್ತವರು ಆಕೆಯೇ.

1952ರಲ್ಲಿ ಕೇಂದ್ರದ ರೈಲ್ವೆ ಸಚಿವರಾದ ಶಾಸ್ತ್ರಿಯವರು, 1956ರ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಸಂಭವಿಸಿದ ರೈಲು ದುರಂತದ ನೈತಿಕ ಹೊಣೆ ಹೊತ್ತು ಹುದ್ದೆ ತೊರೆದರು. ಕನ್ನಡ ನಾಡಿಗೂ ಅವರ ನೆನಪು ಹತ್ತಿರದ್ದೇ. ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಆಲಮಟ್ಟಿ ಅಣೆಕಟ್ಟೆಗೆ 1964ರ ಮೇ 22ರಂದು ಶಂಕುಸ್ಥಾಪನೆ ನೆರವೇರಿಸಿದವರು ಅವರು. ಅಲ್ಲಿನ ಜಲಾಶಯಕ್ಕೆ ಇಂದು ಅವರದೇ ಹೆಸರು. ಅದಾದ ಐದೇ ದಿನಕ್ಕೆ ನೆಹರು ತೀರಿಕೊಂಡರು. ಜೂನ್ 9ರಂದು ಶಾಸ್ತ್ರಿಯವರು ಪ್ರಧಾನಿಯಾದರು.

ಆಗಲೂ ಅವರಿಗೆ ಸ್ವಂತ ಕಾರಿರಲಿಲ್ಲ. ಮಕ್ಕಳು ಟಾಂಗಾದಲ್ಲಿ ಶಾಲೆಗೆ ಹೋಗುತ್ತಿದ್ದರು. ಸರ್ಕಾರಿ ಕಾರನ್ನು ಮನೆಯ ಕೆಲಸಕ್ಕೆ ಬಳಸುವುದು ಶಾಸ್ತ್ರಿಯವರಿಗೆ ಸಮ್ಮತವಿರಲಿಲ್ಲ. ಒಮ್ಮೆ ಮಗ ಆ ಕಾರನ್ನು ಸ್ವಂತ ಸುತ್ತಾಟಕ್ಕೆ ಕೊಂಡೊಯ್ದಾಗ, ಓಡಿದಷ್ಟು ದೂರದ ವೆಚ್ಚವನ್ನು ಸರ್ಕಾರಕ್ಕೆ ಕಟ್ಟಿಸಿದರೆಂದು ಕುಟುಂಬದವರು ಸ್ಮರಿಸಿದ್ದಾರೆ.

ಮನೆಯವರ ಒತ್ತಾಯ ಹೆಚ್ಚಿದಾಗ ಕಾರಿನ ಬೆಲೆ ವಿಚಾರಿಸಲು ಒಪ್ಪಿದರು. ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಬಿಟ್ಟರೆ ಬೇರೆ ಆಯ್ಕೆಯೇ ಇಲ್ಲದಿದ್ದ ಕಾಲವದು. ಫಿಯಟ್‌ಗೆ 12,000 ರೂಪಾಯಿ. ಪ್ರಧಾನಿಯ ಖಾತೆಯಲ್ಲಿದ್ದದ್ದು 7,000 ರೂಪಾಯಿ. ಕೊರತೆ ಬಿದ್ದ 5,000 ರೂಪಾಯಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದರು. ಅಂದೇ ಸಾಲ ಮಂಜೂರಾಯಿತು. ಸಾಮಾನ್ಯ ಜನರಿಗೂ ಇಷ್ಟೇ ಬೇಗ ಸಾಲ ಸಿಗಬೇಕೆಂಬುದು ಶಾಸ್ತ್ರಿಯವರ ನಿಲುವಾಗಿತ್ತು. ಹೀಗೆ 1964ರ ಮಾದರಿಯ, ಕೆನೆಬಣ್ಣದ, ಡಿಎಲ್‌ಇ 6 ಸಂಖ್ಯೆಯ ಕಾರು ಮನೆಗೆ ಬಂತು.

ಆದರೆ ಅದರಲ್ಲಿ ನಿರಾಳವಾಗಿ ಓಡಾಡುವ ದಿನಗಳು ಅವರಿಗೆ ಹೆಚ್ಚು ದೊರೆಯಲಿಲ್ಲ. ಆಹಾರದ ಅಭಾವ, 1965ರ ಪಾಕಿಸ್ತಾನ ಯುದ್ಧ ಒಂದರ ಹಿಂದೊಂದು ಎದುರಾದವು. ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶಕ್ಕೆ ಕರೆ ಕೊಟ್ಟವರು ಮೊದಲು ಅದನ್ನು ತಮ್ಮ ಮನೆಯಲ್ಲೇ ಪಾಲಿಸಿದರು. 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿದ ಶಾಸ್ತ್ರಿಯವರು, ಬೆಳಗಾಗುವ ಮೊದಲೇ ಅಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ 61 ವರ್ಷ. ಅದೇ ವರ್ಷ ಮರಣೋತ್ತರವಾಗಿ ಭಾರತರತ್ನ ಸಂದಿತು.

ಕಾರಿನ ಸಾಲ ಮಾತ್ರ ಹಾಗೆಯೇ ಉಳಿದಿತ್ತು. ಲಲಿತಾ ದೇವಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದ ಅದನ್ನು ತೀರಿಸಿದರು.

ಕಾರನ್ನು ಕುಟುಂಬ ಕೈಬಿಡಲಿಲ್ಲ. ಅದೇ ವಂಶದ ಕಾರುಗಳು ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ದಶಕಗಳ ಕಾಲ ದೇಶದ ರಸ್ತೆಗಳಲ್ಲಿ ಓಡಿ ಮರೆಯಾದವು. ಶಾಸ್ತ್ರಿಯವರ ಫಿಯಟ್ ಮಾತ್ರ ಹೊಸದಿಲ್ಲಿಯ ಮೋತಿಲಾಲ್ ನೆಹರು ಮಾರ್ಗದಲ್ಲಿರುವ ಅವರ ಸ್ಮಾರಕವನ್ನು ಸೇರಿತು. ಶಾಸ್ತ್ರಿಯವರ ಪ್ರಾಮಾಣಿಕತೆಯನ್ನು ನಾಡು ಕೊಂಡಾಡುತ್ತಲೇ ಬಂದಿದೆ. ಅದರ ಬೆಲೆಯನ್ನು ಕಂತು ಕಂತಾಗಿ ತೆತ್ತು, 1993ರಲ್ಲಿ ಕಣ್ಮುಚ್ಚಿದ ಲಲಿತಾ ದೇವಿಯವರೂ ಆ ಗೌರವದಲ್ಲಿ ಸಮಪಾಲಿಗೆ ಅರ್ಹರು.