ಅಯುತ್ಥಯದ ನರೇಸುವನ್ ಮಹಾರಾಜ

ಅಯೋಧ್ಯೆಯ ಹೆಸರನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಸರಯೂ ತೀರದ ಆ ಪುರಿಯ ಹೆಸರನ್ನೇ ಹೊತ್ತ ಇನ್ನೊಂದು ರಾಜಧಾನಿ ಸಯಾಮ್ ದೇಶದಲ್ಲಿ, ಎಂದರೆ ಇಂದಿನ ಥಾಯ್ಲೆಂಡಿನಲ್ಲಿ, ಇತ್ತೆಂಬುದು ಅನೇಕರಿಗೆ ತಿಳಿದಿರಲಾರದು. 1351ರಲ್ಲಿ ರಾಮಾಧಿಪತಿ ಎಂಬ ಅರಸು ಸ್ಥಾಪಿಸಿದ ಅಯುತ್ಥಯ ನಾಲ್ಕು ಶತಮಾನಗಳಿಗೂ ಮೀರಿ ಮೆರೆದು, 1767ರಲ್ಲಿ ಬರ್ಮೀಯರ ಮುತ್ತಿಗೆಗೆ ಸಿಕ್ಕಿ ಸುಟ್ಟು ಹಾಳಾಯಿತು. ಆ ಹಾಳನ್ನು ಕಾಣಬೇಕೆಂಬ ಆಸೆ ನನಗೆ ಬಹುದಿನಗಳಿಂದ ಇತ್ತು. ಅದಕ್ಕಿಂತ ಹೆಚ್ಚಾಗಿ, ಆ ನಗರವನ್ನು ಒಮ್ಮೆ ದಾಸ್ಯದಿಂದ ಬಿಡಿಸಿದ ನರೇಸುವನ್ ಎಂಬ ಅರಸನ ಗುರುತುಗಳನ್ನು ಅಲ್ಲಿ ಹುಡುಕಬೇಕೆಂಬ ಕುತೂಹಲವಿತ್ತು. ನಮ್ಮ ‘ನರೇಶ’ ಶಬ್ದವೇ ಆ ಹೆಸರಿನಲ್ಲಿ ಅಡಗಿದೆ.

ಬ್ಯಾಂಕಾಕಿನಿಂದ ಉತ್ತರಕ್ಕೆ ರೈಲಿನಲ್ಲಿ ಹೊರಟು ಎಂಬತ್ತು ಕಿಲೋಮೀಟರುಗಳಿಗಿಂತ ತುಸು ಕಡಮೆ ಪ್ರಯಾಣ ಮಾಡಿದೆ. ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಪಾಸಕ್ ನದಿ. ದೋಣಿಯಲ್ಲಿ ಅದನ್ನು ದಾಟಿದರೆ ಹಳೆಯ ನಗರ. ಚಾವ್ ಫ್ರಯ, ಲೋಪ್‌ಬುರಿ, ಪಾಸಕ್ ಎಂಬ ಮೂರು ನದಿಗಳು ಸೇರುವೆಡೆಯಲ್ಲಿ, ಸುತ್ತಲೂ ನೀರನ್ನೇ ಕೋಟೆಯಾಗಿ ಮಾಡಿಕೊಂಡ ದ್ವೀಪವಿದು. ಮೂರು ಚಕ್ರದ ಬಾಡಿಗೆ ಗಾಡಿಯೊಂದನ್ನು ಗೊತ್ತುಮಾಡಿಕೊಂಡು ಸುತ್ತಲು ಹೊರಟೆ.

ಮೊದಲು ಕಂಡದ್ದು ನದಿಯಂಚಿನಲ್ಲಿ ನಿಂತ ರಾಣಿ ಸುರಿಯೋಥೈಯ ಸ್ಮಾರಕ ಸ್ತೂಪ. ಈಕೆ ಮಹಾಚಕ್ರವರ್ತಿ ಎಂಬ ಅರಸನ ಪತ್ನಿ, ನರೇಸುವನನಿಗೆ ತಾಯಿಯ ತಾಯಿ. 1549ರಲ್ಲಿ ಬರ್ಮೀಯರು ದಂಡೆತ್ತಿ ಬಂದಾಗ, ಆಕೆ ಪುರುಷವೇಷದಲ್ಲಿ ಆನೆಯೇರಿ ಯುದ್ಧಕ್ಕೆ ಹೋಗಿ, ಗಂಡನ ಪ್ರಾಣ ಅಪಾಯದಲ್ಲಿದ್ದಾಗ ನಡುವೆ ನುಗ್ಗಿ ತನ್ನ ಪ್ರಾಣವನ್ನು ಕೊಟ್ಟಳೆಂದು ಸಯಾಮಿನ ರಾಜವಂಶಾವಳಿಗಳು ಹೇಳುತ್ತವೆ. ಇಂಥ ಮನೆತನದಲ್ಲಿ 1555ರಲ್ಲಿ ನರೇಸುವನ್ ಹುಟ್ಟಿದನು. ತಂದೆ ಮಹಾಧರ್ಮರಾಜನು ಉತ್ತರದ ಫಿತ್ಸನುಲೋಕ್, ಎಂದರೆ ವಿಷ್ಣುಲೋಕ, ಎಂಬ ಪಟ್ಟಣದ ಅಧಿಪತಿ.

ಬಾಲಕನಿಗೆ ಅರಮನೆಯ ಸುಖ ಬಹಳ ಕಾಲ ಉಳಿಯಲಿಲ್ಲ. ಬರ್ಮಾದ ಪ್ರತಾಪಶಾಲಿ ಅರಸು ಬಯಿನ್ನೌಂಗ್ 1563-64ರಲ್ಲಿ ಸಯಾಮಿನ ಮೇಲೆ ಬಿದ್ದನು. ಸೋತವರು ಬಿಳಿಯ ಆನೆಗಳನ್ನು ಕಪ್ಪವಾಗಿ ಒಪ್ಪಿಸಿದರು. ಅವುಗಳ ಜೊತೆಯಲ್ಲಿಯೇ ಒಂಬತ್ತು ವರ್ಷದ ನರೇಸುವನನೂ ಒತ್ತೆಯಾಳಾಗಿ ಪೆಗು ನಗರಕ್ಕೆ ಹೋಗಬೇಕಾಯಿತು. ಅಲ್ಲಿ ಬರ್ಮೀಯ ರಾಜಕುಮಾರರ ನಡುವೆ ಬೆಳೆದು ಅವರ ಶಸ್ತ್ರವಿದ್ಯೆಯನ್ನೂ ಯುದ್ಧತಂತ್ರವನ್ನೂ ಕಲಿತನು. ಬಯಿನ್ನೌಂಗನ ಮೊಮ್ಮಗ ಮಿಂಜಿಸ್ವನ ಕೋಳಿಯನ್ನು ಇವನ ಕೋಳಿ ಸೋಲಿಸಿತೆಂದೂ, ಸೆರೆಯಾಳಿನ ಕೋಳಿಗೆ ಇಷ್ಟು ಸೊಕ್ಕೇ ಎಂದು ಅವನು ಹಂಗಿಸಲು, ಈ ಕೋಳಿಯ ಮೇಲೆ ರಾಜ್ಯಗಳನ್ನೇ ಪಣವಾಗಿ ಒಡ್ಡಬಹುದೆಂದು ಇವನು ಮರುನುಡಿದನೆಂದೂ ಜನ ಹೇಳುವ ಕಥೆಯೊಂದಿದೆ. ಕಥೆ ಎಷ್ಟು ನಿಜವೋ, ಹಂಗಿನ ಅನ್ನದ ಕಹಿ ಮಾತ್ರ ನಿಜವಾಗಿದ್ದಿರಬೇಕು.

ದ್ವೀಪದಿಂದ ಆಚೆ, ವಾಯವ್ಯದ ಗದ್ದೆ ಬಯಲಿನಲ್ಲಿ ‘ಸುವರ್ಣಗಿರಿ’ ಎಂಬ ಅರ್ಥದ ಫುಖಾವ್ ಥೋಂಗ್ ಎಂಬ ಬಿಳಿಯ ಎತ್ತರದ ಸ್ತೂಪವಿದೆ. 1569ರಲ್ಲಿ ಬಯಿನ್ನೌಂಗನು ಅಯುತ್ಥಯವನ್ನು ಹಿಡಿದು, ಆ ಜಯದ ಗುರುತಿಗೆ ಇದನ್ನು ಕಟ್ಟಿಸತೊಡಗಿದನೆಂದು ಹೇಳುತ್ತಾರೆ. ಈಗ ಮೇಲೆ ಕಾಣುವುದು ಸಯಾಮೀ ಶೈಲಿಯ ನಂತರದ ಕಟ್ಟಡ. ಅದರ ಎದುರಿಗೇ ಕುದುರೆಯೇರಿದ ನರೇಸುವನನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಗೆದ್ದವನ ಸ್ತೂಪವನ್ನು ಸೋತವರ ಮೊಮ್ಮಗ ಕಾಯುತ್ತಿರುವಂತೆ ನನಗೆ ತೋರಿತು.

ಅಯುತ್ಥಯ ಸೋತಮೇಲೆ ಬಯಿನ್ನೌಂಗನು ಮಹಾಧರ್ಮರಾಜನನ್ನೇ ಅಲ್ಲಿ ಸಾಮಂತನನ್ನಾಗಿ ಕೂರಿಸಿದನು. ನರೇಸುವನ್ ಸುಮಾರು ಹದಿನಾರರ ವಯಸ್ಸಿನಲ್ಲಿ ತಾಯ್ನಾಡಿಗೆ ಮರಳಿದನು. ಆದರೆ ಅವನ ಬಿಡುಗಡೆಗೆ ಬೆಲೆಯನ್ನು ತೆತ್ತವಳು ಅವನ ಅಕ್ಕ. ಆಕೆ ಬಯಿನ್ನೌಂಗನ ಅಂತಃಪುರವನ್ನು ಸೇರಿದ ಮೇಲೆ ತಮ್ಮನಿಗೆ ಬಿಡುಗಡೆಯಾಯಿತೆಂದು ಸಯಾಮಿನ ಪರಂಪರೆ. ತಮ್ಮ ರಾಜನಾದನು, ಅವನಿಗೆ ಪ್ರತಿಮೆಗಳಾದವು. ಅಕ್ಕ ಪರದೇಶದಲ್ಲೇ ಉಳಿದಳು.

ತಂದೆ ಅವನನ್ನು ಯುವರಾಜನನ್ನಾಗಿ ಮಾಡಿ ಫಿತ್ಸನುಲೋಕಿಗೆ ಕಳುಹಿಸಿದನು. 1581ರಲ್ಲಿ ಬಯಿನ್ನೌಂಗ್ ತೀರಿಕೊಂಡು ಅವನ ಮಗ ನಂದಬಯಿನ್ ಪಟ್ಟಕ್ಕೆ ಬಂದನು. 1584ರಲ್ಲಿ ನಂದಬಯಿನನು ಆವಾದ ದಂಗೆಯನ್ನು ಅಡಗಿಸಲು ನರೇಸುವನನನ್ನು ನೆರವಿಗೆ ಕರೆದನು. ದಾರಿಯಲ್ಲಿ ಅವನನ್ನು ಕೊಲ್ಲಿಸುವ ಸಂಚು ಇತ್ತೆಂದೂ, ಆ ಕೆಲಸಕ್ಕೆ ನೇಮಕವಾಗಿದ್ದ ಇಬ್ಬರು ಮೋನ್ ನಾಯಕರೇ ಅದನ್ನು ಅವನಿಗೆ ತಿಳಿಸಿದರೆಂದೂ ವಂಶಾವಳಿ ಹೇಳುತ್ತದೆ. ನರೇಸುವನ್ ಖ್ರೇಂಗ್ ಎಂಬಲ್ಲಿ ಭಿಕ್ಷುಗಳ ಸಮಕ್ಷಮ ಗಿಂಡಿಯಿಂದ ನೆಲಕ್ಕೆ ನೀರೆರೆದು, ಇನ್ನು ತನ್ನ ದೇಶಕ್ಕೂ ಬರ್ಮೀಯರಿಗೂ ಸಂಬಂಧ ಹರಿಯಿತೆಂದು ಸಾರಿದನು. ಧಾರೆಯೆರೆದು ದಾನ ಕೊಡುವುದನ್ನು ನಾವು ಬಲ್ಲೆವು. ಇವನು ಧಾರೆಯೆರೆದು ಬಂಧನವನ್ನು ಬಿಟ್ಟುಕೊಟ್ಟನು.

ನಂದಬಯಿನ್ ಸುಮ್ಮನಿರಲಿಲ್ಲ. 1586-87ರಲ್ಲಿ ತಾನೇ ಬಂದು ಅಯುತ್ಥಯವನ್ನು ತಿಂಗಳುಗಟ್ಟಲೆ ಮುತ್ತಿ, ಗೆಲ್ಲಲಾರದೆ ಹಿಂದಿರುಗಿದನು. 1590ರಲ್ಲಿ ತಂದೆ ತೀರಿಕೊಳ್ಳಲು ನರೇಸುವನ್ ಮೂವತ್ತೈದನೆಯ ವಯಸ್ಸಿನಲ್ಲಿ ಸಿಂಹಾಸನವೇರಿದನು. ಮರುಮರಳಿ ಬಂದ ಬರ್ಮೀಯ ಸೇನೆಗೆ ಆಗ ನಾಯಕನಾಗಿದ್ದವನು ಬಾಲ್ಯದ ಒಡನಾಡಿ ಮಿಂಜಿಸ್ವನೇ!

1593ರ ಜನವರಿಯಲ್ಲಿ ಸುಫನ್‌ಬುರಿ ಪ್ರಾಂತದ ನೋಂಗ್ ಸರೈ ಎಂಬಲ್ಲಿ ಇಬ್ಬರೂ ಎದುರಾದರು. ಮದವೇರಿದ್ದ ಅರಸನ ಆನೆಯೂ ಅವನ ತಮ್ಮನ ಆನೆಯೂ ಶತ್ರುಸೇನೆಯ ನಡುವೆ ನುಗ್ಗಿಬಿಟ್ಟವು. ಸರದಾರರು ಹಿಂದೆ ಉಳಿದುಬಿಟ್ಟರು. ಧೂಳು ಇಳಿದಾಗ ನೋಡಿದರೆ ಎದುರಿಗೆ ಮಿಂಜಿಸ್ವ ಆನೆಯ ಮೇಲಿದ್ದಾನೆ. ಹಿಂಜರಿಯದೆ ನರೇಸುವನ್ ಅವನನ್ನು ದ್ವಂದ್ವಕ್ಕೆ ಕರೆದನು. ಮಿಂಜಿಸ್ವನ ಏಟು ಅರಸನ ಶಿರಸ್ತ್ರಾಣವನ್ನು ಸೀಳಿತು; ಅರಸನ ಏಟು ಮಿಂಜಿಸ್ವನನ್ನೇ ಸೀಳಿತು. ಇದು ಸಯಾಮಿನವರು ಹೇಳುವ ಬಗೆ. ಬರ್ಮೀಯರ ಇತಿಹಾಸದಲ್ಲಾದರೋ ಅವನು ಗುಂಡಿನೇಟಿನಿಂದ ಸತ್ತನೆಂದಿದೆ. ಯುವರಾಜ ಸತ್ತದ್ದೂ ಬರ್ಮೀಯರ ಸೇನೆ ಹಿಮ್ಮೆಟ್ಟಿದ್ದೂ ಎರಡು ಕಡೆಯವರಿಗೂ ಒಪ್ಪಿಗೆ.

ಈ ಜಯದ ನೆನಪಿಗೆ ಎತ್ತಿಸಿದ್ದೆಂದು ಹೇಳುವ ಸ್ತೂಪ ದ್ವೀಪದ ಆಗ್ನೇಯಕ್ಕೆ, ನದಿಯಾಚೆ ಇದೆ. ಹೆಸರು ವಾಟ್ ಯೈ ಚೈಮೊಂಗ್‌ಕೊನ್; ಚೈಮೊಂಗ್‌ಕೊನ್ ಎಂದರೆ ಜಯಮಂಗಳ. ಎತ್ತರ ಅರವತ್ತು ಮೀಟರುಗಳಿಗೂ ಹೆಚ್ಚು. ಸುತ್ತಲೂ ಕಾಷಾಯವಸ್ತ್ರ ಹೊದಿಸಿದ ಬುದ್ಧಮೂರ್ತಿಗಳ ಸಾಲು. ಆವರಣದಲ್ಲಿರುವ ಅರಸನ ಗುಡಿಯ ಬಳಿ ಹರಕೆ ಹೊತ್ತವರು ತಂದಿಟ್ಟ ಬಣ್ಣದ ಕೋಳಿಪ್ರತಿಮೆಗಳು ನೂರಾರು. ಕೋಳಿಯ ಕಥೆ ಜನರ ಮನಸ್ಸಿನಲ್ಲಿ ಇನ್ನೂ ಜೀವಂತವಾಗಿದೆ!

ಬಿಸಿಲಿಗೆ ಬಳಲಿ ಆ ಸ್ತೂಪದ ಮೆಟ್ಟಿಲುಗಳ ಮೇಲೆ ಕುಳಿತೆನು. ಇಷ್ಟು ಹೊತ್ತೂ ನಾನು ಒಬ್ಬ ಶೂರನ ಗುರುತುಗಳನ್ನು ಹುಡುಕುತ್ತಿದ್ದೆ. ವಂಶಾವಳಿಯ ಮುಂದಿನ ಭಾಗ ಅಲ್ಲಿ ನೆನಪಿಗೆ ಬಂದಿತು. ಯುದ್ಧ ಮುಗಿದಮೇಲೆ ಅರಸನ ಕೋಪ ಹಿಂದುಳಿದ ತನ್ನ ಸರದಾರರ ಮೇಲೆ ತಿರುಗಿತು. ಒಡೆಯನನ್ನು ಶತ್ರುಗಳ ನಡುವೆ ಒಂಟಿಯಾಗಿ ಬಿಟ್ಟವರಿಗೆ ಮರಣವೇ ದಂಡನೆ. ಅರಸನೂ ಹಾಗೆಯೇ ತೀರ್ಪು ಕೊಟ್ಟನು. ಆಗ ಸಂಘದ ಮಹಾಸ್ಥವಿರನು ಹಿರಿಯ ಭಿಕ್ಷುಗಳೊಡನೆ ಅರಮನೆಗೆ ಬಂದನು. ಅರಸನ ತೀರ್ಪು ತಪ್ಪೆಂದು ಅವನು ವಾದಿಸಲಿಲ್ಲ. ಬೋಧಿವೃಕ್ಷದಡಿಯಲ್ಲಿ ದೇವತೆಗಳೆಲ್ಲ ಓಡಿಹೋದಾಗ ಭಗವಾನ್ ಬುದ್ಧನು ಒಬ್ಬನೇ ಕುಳಿತು ಮಾರನ ಸೇನೆಯನ್ನು ಗೆದ್ದದ್ದನ್ನು ಜ್ಞಾಪಿಸಿ, ಸರದಾರರು ಜೊತೆಗಿದ್ದಿದ್ದರೆ ಅರಸನ ಕೀರ್ತಿ ಇಷ್ಟು ಬೆಳಗುತ್ತಿರಲಿಲ್ಲವೆಂದು ತಿಳಿಯಹೇಳಿದನು. ಅರಸನ ಮನಸ್ಸು ಕರಗಿತು. ಮರಣದಂಡನೆಯನ್ನು ತೆಗೆದುಹಾಕಿ, ದವೈ ಮತ್ತು ತೆನಾಸ್ಸೆರಿಮ್ ಪಟ್ಟಣಗಳನ್ನು ಗೆದ್ದು ತಪ್ಪನ್ನು ತೊಳೆದುಕೊಳ್ಳಲು ಅವರಿಗೆ ಅಪ್ಪಣೆ ಕೊಟ್ಟನು. ಅವರು ಎರಡನ್ನೂ ಗೆದ್ದು ಒಪ್ಪಿಸಿದರು. ಜಯದ ಗುರುತಿಗೆ ಸ್ತೂಪವನ್ನು ಎತ್ತಿಸೆಂದು ಸೂಚಿಸಿದವನೂ ಅದೇ ಸ್ಥವಿರನೆಂದು ಪರಂಪರೆ ನುಡಿಯುತ್ತದೆ.

ನರೇಸುವನ್ ಸ್ವಭಾವತಃ ಮೃದುವಾದವನಾಗಿರಲಿಲ್ಲ. ಆ ಕಾಲದಲ್ಲಿ ಅಯುತ್ಥಯದಲ್ಲಿದ್ದ ಜಾಕ್ ದ ಕೂತ್ರ ಎಂಬ ಫ್ಲೆಮಿಶ್ ವ್ಯಾಪಾರಿ ಅವನ ಕ್ರೂರ ದಂಡನೆಗಳನ್ನು ಬಣ್ಣಿಸಿದ್ದಾನೆ. 1594ರಲ್ಲಿ ಕಾಂಬೋಜದ ರಾಜಧಾನಿ ಲೋವೆಕ್ಕನ್ನು ಗೆದ್ದು ಅಲ್ಲಿಯ ಜನರನ್ನು ಸೆರೆಹಿಡಿದು ತಂದನು. ಬಾಲ್ಯದಲ್ಲಿ ತಾನು ಉಂಡ ನೋವನ್ನು ಇನ್ನೊಬ್ಬರಿಗೆ ಉಣಿಸಲು ಅವನು ಹಿಂದೆಗೆಯಲಿಲ್ಲ. ಇಂಥ ಕಠಿಣ ಹೃದಯನು ಒಬ್ಬ ಭಿಕ್ಷುವಿನ ಮಾತಿಗೆ ಎತ್ತಿದ ಕತ್ತಿಯನ್ನು ಇಳಿಸಿದನೆಂದರೆ ಅದೇನು ಸಣ್ಣ ಜಯವೆ? ಆನೆಯ ಮೇಲೆ ಗೆದ್ದದ್ದರಲ್ಲಿ ಮದಗಜದ ಪಾಲೂ ಇತ್ತು, ಅದೃಷ್ಟದ ಪಾಲೂ ಇತ್ತು. ಕೋಪವನ್ನು ಗೆದ್ದದ್ದು ಮಾತ್ರ ಅವನೊಬ್ಬನದೇ.

1599ರಲ್ಲಿ ಅವನು ಪೆಗುವಿನ ಮೇಲೆ ದಂಡೆತ್ತಿ ಹೋದಾಗ, ಬೇರೆಯವರು ಅದನ್ನು ಆಗಲೇ ಸುಲಿದು ಸುಟ್ಟಿದ್ದರು. ತನ್ನನ್ನು ಸೆರೆಯಿಟ್ಟಿದ್ದ ನಗರದಲ್ಲಿ ಅವನಿಗೆ ಸಿಕ್ಕಿದ್ದು ಬೂದಿ. 1605ರ ಏಪ್ರಿಲಿನಲ್ಲಿ ಉತ್ತರದ ಶಾನ್ ಸೀಮೆಗೆ ದಂಡೆತ್ತಿ ಹೋಗಿದ್ದಾಗ ದಾರಿಯಲ್ಲಿ ಕಾಯಿಲೆ ಬಿದ್ದು, ಐವತ್ತರ ವಯಸ್ಸಿನಲ್ಲಿ ತೀರಿಕೊಂಡನು. ತಮ್ಮ ಏಕಾದಶರಥನು ಪಟ್ಟಕ್ಕೆ ಬಂದನು. ಅವನು ಕಾಪಾಡಿದ ಅಯುತ್ಥಯವೂ ನೂರ ಅರವತ್ತೆರಡು ವರ್ಷಗಳ ಮೇಲೆ ಪೆಗುವಿನಂತೆಯೇ ಬೂದಿಯಾಯಿತು.

ಹಿಂದಿರುಗುವಾಗ ಅರಮನೆಯ ದೇವಾಲಯವಾಗಿದ್ದ ಶ್ರೀ ಸನ್‌ಫೇತ್‌ಗೆ ಹೋದೆನು. ಸನ್‌ಫೇತ್ ಎಂದರೆ ಸರ್ವಜ್ಞ. ಅರಸರ ಚಿತಾಭಸ್ಮವನ್ನಿಟ್ಟ ಮೂರು ಸ್ತೂಪಗಳು ಅಲ್ಲಿ ಸಾಲಾಗಿ ನಿಂತಿವೆ. ಅಲ್ಲಿದ್ದ ಎತ್ತರವಾದ ಬುದ್ಧಮೂರ್ತಿಗೆ ಹೊದಿಸಿದ್ದ ಚಿನ್ನವನ್ನು 1767ರಲ್ಲಿ ಬೆಂಕಿಯಿಟ್ಟು ಕರಗಿಸಿಕೊಂಡು ಹೋದರು. ಅರಮನೆಯಿದ್ದೆಡೆಯಲ್ಲಿ ಇಟ್ಟಿಗೆಯ ತಳಪಾಯ ಮಾತ್ರ ಉಳಿದು ಅದರ ಮೇಲೆ ಹುಲ್ಲು ಬೆಳೆದಿದೆ. ಸರದಾರರ ಪ್ರಾಣಕ್ಕಾಗಿ ಭಿಕ್ಷುಗಳು ಬಂದು ನಿಂತದ್ದು ಈ ನೆಲದಲ್ಲಿ ಯಾವ ಎಡೆಯಲ್ಲಿದ್ದೀತೆಂದು ಯೋಚಿಸುತ್ತ, ಹೊತ್ತು ಮುಳುಗುವವರೆಗೂ ಅಲ್ಲಿದ್ದು, ದೋಣಿಯ ಕಡೆಗೆ ನಡೆದೆನು.