ಅಡುಗೆಮನೆಯಲ್ಲಿ ಹುಟ್ಟಿದ ಹೆಡ್‌ಫೋನ್: ನಥಾನಿಯಲ್ ಬಾಲ್ಡ್‌ವಿನ್ ಬದುಕಿನ ಏಳುಬೀಳು

ವಿಜಯಪುರ: ನಗರದ ಮೊಬೈಲ್ ಅಂಗಡಿಗಳಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇಂದು ಕೆಲವು ನೂರು ರೂಪಾಯಿಗಳಿಗೂ ದೊರೆಯುತ್ತದೆ. ತಿಕೋಟಾ, ಬಬಲೇಶ್ವರದಂತಹ ಊರುಗಳಲ್ಲಿಯೂ ಮನೆಮಂದಿ ಮಲಗಿದ ಮೇಲೆ ಪಾಠ ಕೇಳುವ ವಿದ್ಯಾರ್ಥಿಗಾಗಲಿ, ಯಾರಿಗೂ ತೊಂದರೆಯಾಗದಂತೆ ವಚನ ಗಾಯನ ಆಲಿಸಬಯಸುವ ಹಿರಿಯರಿಗಾಗಲಿ ಅದು ಐಷಾರಾಮದ ವಸ್ತುವಾಗಿ ಉಳಿದಿಲ್ಲ. ಎರಡು ಕಿವಿಗೆ ಎರಡು ಬಟ್ಟಲು, ಅವೆರಡನ್ನೂ ಹಿಡಿದಿಡಲು ತಲೆಯ ಮೇಲೊಂದು ಪಟ್ಟಿ. ಇಷ್ಟು ಸರಳವಾದ ಈ ರೂಪವನ್ನು ನೂರು ವರ್ಷಗಳಿಗೂ ಹಿಂದೆ ಅಮೆರಿಕದ ಯೂಟಾ ರಾಜ್ಯದ ಒಂದು ಅಡುಗೆಮನೆಯಲ್ಲಿ ಸಿದ್ಧಪಡಿಸಿದವರು ನಥಾನಿಯಲ್ ಬಾಲ್ಡ್‌ವಿನ್. ಅದರಿಂದ ಸಿರಿವಂತರಾಗಿ, ಕೊನೆಗೆ ಎಲ್ಲವನ್ನೂ ಕಳೆದುಕೊಂಡು ತೀರಿಕೊಂಡವರೂ ಅವರೇ.

ಬಾಲ್ಡ್‌ವಿನ್ ಜನಿಸಿದ್ದು 1878ರ ಡಿಸೆಂಬರ್ 1ರಂದು, ಯೂಟಾದ ಫಿಲ್‌ಮೋರ್ ಎಂಬ ಚಿಕ್ಕ ಊರಿನಲ್ಲಿ. ಮನೆತನ ಮಾರ್ಮನ್ ಪಂಥಕ್ಕೆ ಸೇರಿದ್ದು. ಬಾಲ್ಯದಿಂದಲೂ ಕೈಕೆಲಸದಲ್ಲಿ ಆಸಕ್ತಿಯಿದ್ದ ಹುಡುಗ ಸಿಕ್ಕ ಸಾಮಾನಿನಿಂದಲೇ ಯಂತ್ರಗಳನ್ನು ಜೋಡಿಸುತ್ತಿದ್ದ. ಮುಂದೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ ತವರು ರಾಜ್ಯಕ್ಕೆ ಮರಳಿದ ಅವರು ಶಿಕ್ಷಕ ವೃತ್ತಿಗೆ ಸೇರಿದರು. ಆದರೆ ಆ ನೌಕರಿ ಬಹುಕಾಲ ಉಳಿಯಲಿಲ್ಲ. ಮಾರ್ಮನ್ ಚರ್ಚ್ 1890ರಲ್ಲಿಯೇ ಕೈಬಿಟ್ಟಿದ್ದ ಬಹುಪತ್ನಿತ್ವದ ಪರವಾಗಿ ಬಾಲ್ಡ್‌ವಿನ್ ನಿಲುವು ಹೊಂದಿದ್ದರು. ಇದೇ ಕಾರಣಕ್ಕೆ ಕೆಲಸ ಹೋಯಿತು. ಜೀವನೋಪಾಯಕ್ಕಾಗಿ ಬೆಟ್ಟದ ಕಣಿವೆಯೊಂದರ ಜಲವಿದ್ಯುತ್ ಘಟಕದಲ್ಲಿ ದುಡಿಯಬೇಕಾಯಿತು.

ಗುಮ್ಮಟದಡಿಯ ಸಮಸ್ಯೆ

ಅವರ ಸಂಶೋಧನೆಗೆ ಪ್ರೇರಣೆ ದೊರೆತದ್ದು ಪ್ರಾರ್ಥನಾ ಸಭೆಯಲ್ಲಿ. ಸಾಲ್ಟ್ ಲೇಕ್ ಸಿಟಿಯಲ್ಲಿ 1867ರಲ್ಲಿ ಬಳಕೆಗೆ ಬಂದ ಟ್ಯಾಬರ್ನಕಲ್ ಎಂಬ ಸಭಾಮಂದಿರ ಕಮಾನು ಚಾವಣಿಯ ಬೃಹತ್ ಕಟ್ಟಡ. ಉದ್ದ ಸುಮಾರು 76 ಮೀಟರ್, ಅಗಲ ಸುಮಾರು 46 ಮೀಟರ್. ಒಂದು ತುದಿಯಲ್ಲಿ ಗುಂಡುಸೂಜಿ ಬಿದ್ದರೆ ಇನ್ನೊಂದು ತುದಿಗೆ ಕೇಳಿಸುತ್ತದೆ ಎಂಬುದು ಅದರ ಖ್ಯಾತಿ. ಆದರೂ ಜನ ತುಂಬಿ ತುಳುಕುವ ದಿನಗಳಲ್ಲಿ ಪ್ರವಚನ ಸ್ಪಷ್ಟವಾಗಿ ಕೇಳಿಸದೆ ಹಿಂದೆ ಕುಳಿತವರು ಪರದಾಡುತ್ತಿದ್ದರು. ಧ್ವನಿವರ್ಧಕ ಇನ್ನೂ ಬಂದಿರದ ಕಾಲವದು.

ವಿಜಯಪುರದವರಿಗೆ ಈ ಸಮಸ್ಯೆ ಹೊಸದೇನಲ್ಲ. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಗೆ ತಲುಪುತ್ತದೆ. ಅದೇ ಜಾಗದಲ್ಲಿ ಹತ್ತು ಜನ ಏಕಕಾಲಕ್ಕೆ ಮಾತನಾಡಿದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಒಂದು ಶಬ್ದವೂ ಅರ್ಥವಾಗದು. ದನಿ ತಲುಪುವುದು ಬೇರೆ, ಸ್ಪಷ್ಟವಾಗಿ ತಲುಪುವುದು ಬೇರೆ. ಬಾಲ್ಡ್‌ವಿನ್ ಹಿಡಿದದ್ದು ಈ ಎರಡನೆಯ ದಾರಿ. ಮೊದಲು ಒತ್ತಡದ ಗಾಳಿಯಿಂದ ಧ್ವನಿಯನ್ನು ಹೆಚ್ಚಿಸುವ ಸಾಧನ ರೂಪಿಸಿದರು. ಆ ಪ್ರಯೋಗಗಳೇ ಅವರನ್ನು ಸೂಕ್ಷ್ಮ ಗ್ರಾಹಕ ಯಂತ್ರದತ್ತ, ಅಂದರೆ ಕಿವಿಗೆ ಒತ್ತಿ ಕೇಳುವ ಪುಟ್ಟ ಪೆಟ್ಟಿಗೆಯತ್ತ ಕೊಂಡೊಯ್ದವು.

ಅದಕ್ಕೂ ಮೊದಲು ಕಿವಿಗಿಟ್ಟು ಕೇಳುವ ಸಾಧನಗಳು ಇರಲಿಲ್ಲವೆಂದಲ್ಲ. ದೂರವಾಣಿ ಕೇಂದ್ರದ ನೌಕರರು ಹೆಗಲ ಮೇಲೆ ಹೊರಬೇಕಾದ ಭಾರದ ಉಪಕರಣ ಬಳಸುತ್ತಿದ್ದರು. ಲಂಡನ್ನಿನಲ್ಲಿ 1895ರಲ್ಲಿ ಆರಂಭವಾದ ಎಲೆಕ್ಟ್ರೋಫೋನ್ ಸೇವೆ ನಾಟಕ, ಸಂಗೀತಗಳನ್ನು ದೂರವಾಣಿ ತಂತಿಯ ಮೂಲಕ ಮನೆಗೆ ತಲುಪಿಸುತ್ತಿತ್ತು. ಆದರೆ ವರ್ಷಕ್ಕೆ 5 ಪೌಂಡ್ ಚಂದಾ ತೆರಬಲ್ಲ ಸಿರಿವಂತರಿಗೆ ಮಾತ್ರ ಆ ಭಾಗ್ಯ.

ಬಾಲ್ಡ್‌ವಿನ್ ತಯಾರಿಸಿದ ಸಾಧನದ ಹಿರಿಮೆ ಅದರ ಸೂಕ್ಷ್ಮತೆಯಲ್ಲಿತ್ತು. ಅಯಸ್ಕಾಂತದ ಧ್ರುವಗಳ ನಡುವೆ ಸಮತೋಲನದಲ್ಲಿ ನಿಂತ ಕಬ್ಬಿಣದ ತುಂಡು, ಅದರ ಸುತ್ತ ತಾಮ್ರದ ತೆಳು ತಂತಿಯ ಸುರುಳಿ. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಆ ತುಂಡು ಅಲುಗುತ್ತದೆ. ಅದಕ್ಕೆ ಜೋಡಿಸಿದ ಸಣ್ಣ ಕಡ್ಡಿ ಅಭ್ರಕದ ತೆಳುವಾದ ಪರದೆಯನ್ನು ಕಂಪಿಸುತ್ತದೆ. ಕಂಪನ ಶಬ್ದವಾಗುತ್ತದೆ. ತೀರಾ ದುರ್ಬಲವಾದ ಸಂಕೇತವೂ ಇದರಲ್ಲಿ ಕೇಳಿಸುತ್ತಿತ್ತು. ಬೇರೆ ವಿದ್ಯುತ್ ಮೂಲದ ಅಗತ್ಯವೇ ಇರಲಿಲ್ಲ.

ನೌಕಾಪಡೆಗೆ ಬಂದ ಬಣ್ಣದ ಪತ್ರ

ಖಾಸಗಿ ವಲಯದಲ್ಲಿ ಯಾರೂ ಬೆಂಬಲಕ್ಕೆ ಬರಲಿಲ್ಲ. ಆಗ ಬಾಲ್ಡ್‌ವಿನ್ ತಾವು ತಯಾರಿಸಿದ ಒಂದು ಜೋಡಿಯನ್ನು ಅಮೆರಿಕದ ನೌಕಾಪಡೆಗೆ ಕಳುಹಿಸಿದರು. ನೀಲಿ ಮತ್ತು ಗುಲಾಬಿ ಕಾಗದದ ಮೇಲೆ ನೇರಳೆ ಶಾಯಿಯಲ್ಲಿ ಬರೆದ ಪತ್ರ ಕಂಡ ಅಧಿಕಾರಿಗಳಿಗೆ ಮೊದಲು ನಂಬಿಕೆ ಹುಟ್ಟಲಿಲ್ಲ. ಪರೀಕ್ಷೆ ನಡೆಸಿದಾಗ ಮಾತ್ರ ತಮ್ಮಲ್ಲಿದ್ದ ಎಲ್ಲ ಸಾಧನಗಳಿಗಿಂತ ಇದು ಬಹಳ ಮೇಲು ಎಂಬುದು ಮನದಟ್ಟಾಯಿತು. ಕಡಲಿನಲ್ಲಿ ನಿಸ್ತಂತು ಸಂದೇಶಗಳನ್ನು ಕಿವಿಗೊಟ್ಟು ಆಲಿಸಬೇಕಿದ್ದ ಹಡಗಿನ ಸಿಬ್ಬಂದಿಗೆ ಇದು ವರವೇ ಆಗಿತ್ತು.

1910ರಲ್ಲಿ ನೌಕಾಪಡೆ ಬೇಡಿಕೆ ಸಲ್ಲಿಸಿತು. ಆದರೆ ಒಂದು ಸಲಕ್ಕೆ ಹತ್ತರಷ್ಟು ಮಾತ್ರ ಪೂರೈಸಬಲ್ಲೆನೆಂದು ಬಾಲ್ಡ್‌ವಿನ್ ತಿಳಿಸಿದರು. ಕಾರಣ ಸರಳ. ಕಾರ್ಖಾನೆ ಇರಲಿಲ್ಲ, ಎಲ್ಲವನ್ನೂ ಅಡುಗೆಮನೆಯಲ್ಲಿ ಕೈಯಿಂದಲೇ ಮಾಡುತ್ತಿದ್ದರು. ತಲೆಗೆ ಹಿತವಾಗಿ ಕೂರಲೆಂದು ಚರ್ಮ ಸುತ್ತಿದ ಎರಡು ಲೋಹದ ಸರಿಗೆಗಳ ಪಟ್ಟಿಯನ್ನು ಅಳವಡಿಸಿ, ಬಟ್ಟಲುಗಳನ್ನು ಮೇಲೆ ಕೆಳಗೆ ಸರಿಸುವ ಅನುಕೂಲ ಕಲ್ಪಿಸಿದರು. ಈ ಪಟ್ಟಿಗೆ ಪೇಟೆಂಟ್ ಪಡೆಯುವಂತೆ ನೌಕಾಪಡೆಯಿಂದಲೇ ಸಲಹೆ ಬಂತು. ಇಷ್ಟು ಕ್ಷುಲ್ಲಕ ವಿಷಯಕ್ಕೆ ಪೇಟೆಂಟ್ ಏಕೆ ಎಂಬುದು ಬಾಲ್ಡ್‌ವಿನ್ ನಿಲುವಾಗಿತ್ತು. ಕ್ಷುಲ್ಲಕವೆಂದು ಅವರು ಕೈಬಿಟ್ಟ ಆ ಪಟ್ಟಿಯ ಸೂತ್ರವೇ ಇಂದಿಗೂ ಅಂಗಡಿಯ ಪ್ರತಿ ಹೆಡ್‌ಫೋನಿನ ತಲೆಯ ಮೇಲಿದೆ.

ಮುಂದೆ ಮಿಲ್‌ಕ್ರೀಕ್‌ನಲ್ಲಿ ಕಾರ್ಖಾನೆ ಎದ್ದಿತು. ಮೊದಲ ಮಹಾಯುದ್ಧ ಬೇಡಿಕೆಯನ್ನು ಹೆಚ್ಚಿಸಿತು. ಅದರ ಬೆನ್ನಿಗೇ 1920ರಿಂದ ರೇಡಿಯೊ ಪ್ರಸಾರದ ಯುಗ ತೆರೆಯಿತು. ಬ್ಯಾಟರಿಯೂ ಬೇಡದ ಕ್ರಿಸ್ಟಲ್ ರೇಡಿಯೊ ಬಡವರ ಮನೆಗೂ ಎಟುಕುವಂತಿತ್ತು. ಆದರೆ ಅದರ ಕ್ಷೀಣ ದನಿಯನ್ನು ಕೇಳಲು ಹೆಡ್‌ಫೋನ್ ಬೇಕೇಬೇಕು. ಇರುವ ಒಂದೇ ಹೆಡ್‌ಫೋನನ್ನು ಪಿಂಗಾಣಿ ಬೋಗುಣಿಯೊಳಗಿಟ್ಟು, ದನಿ ತುಸು ಹಿಗ್ಗಿದಾಗ ಮನೆಮಂದಿಯೆಲ್ಲ ಸುತ್ತ ಬಾಗಿ ಕೇಳುತ್ತಿದ್ದ ಕಾಲವದು. ಮನೆಯ ಆಲಿಸುವಿಕೆ ಸಾಮಾನ್ಯರದ್ದಾದುದು ಹೀಗೆ. ತಲೆಪಟ್ಟಿಗೆ ಪೇಟೆಂಟಿನ ಅಡ್ಡಿ ಇರಲಿಲ್ಲವಾಗಿ ಇತರ ಕಂಪನಿಗಳೂ ಮಾರುಕಟ್ಟೆಗಿಳಿದವು.

ಸಿರಿಯಿಂದ ಸೆರೆಮನೆಗೆ

ಬಂದ ಸಂಪತ್ತನ್ನು ಬಾಲ್ಡ್‌ವಿನ್ ಕೂಡಿಡಲಿಲ್ಲ. ಬಹುಪತ್ನಿತ್ವದ ನಂಬಿಕೆಯಿಂದಾಗಿ ಬೇರೆಡೆ ಆಸರೆ ಸಿಗದವರಿಗೆ ತಮ್ಮ ಕಾರ್ಖಾನೆಯಲ್ಲಿ ಕೆಲಸ ಕೊಟ್ಟರು. ಅವರ ಉದ್ಯಮಗಳಿಗೆ, ಚಳವಳಿಗೆ ಧಾರಾಳವಾಗಿ ಹಣ ಸುರಿದರು. ನಂಬಿದವರೆಲ್ಲ ವ್ಯವಹಾರ ಬಲ್ಲವರಾಗಿರಲಿಲ್ಲ. ಧ್ವನಿವರ್ಧಕವಿದ್ದ ರೇಡಿಯೊಗಳು ಮನೆಗಳನ್ನು ಸೇರತೊಡಗಿದ್ದ ಹೊತ್ತಿನಲ್ಲಿಯೇ, 1924ರಲ್ಲಿ, ಕಂಪನಿ ದಿವಾಳಿಯತ್ತ ಸಾಗಿತು. ಬಳಿಕ ಹೊಸ ಉದ್ಯಮಕ್ಕಾಗಿ ಹಣ ಸಂಗ್ರಹಿಸುವ ಯತ್ನದಲ್ಲಿ ಅಂಚೆ ಮೂಲಕ ವಂಚನೆಯ ಆರೋಪ ಬಂತು. ತಪ್ಪಿತಸ್ಥರೆಂದು ತೀರ್ಮಾನವಾಗಿ, ವಾಷಿಂಗ್ಟನ್ ರಾಜ್ಯದ ಮೆಕ್‌ನೀಲ್ ದ್ವೀಪದ ಸೆರೆಮನೆಯಲ್ಲಿ ಎರಡು ವರ್ಷ ಕಳೆದರು.

ಬಿಡುಗಡೆಯ ನಂತರ ಹಿಂದಿನ ವೈಭವ ಮರಳಲಿಲ್ಲ. ಈ ನಡುವೆ ಹೆಡ್‌ಫೋನ್ ತನ್ನ ದಾರಿಯಲ್ಲಿ ಮುಂದೆ ಸಾಗಿತ್ತು. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ಚಲಿಸುವ ಸುರುಳಿಯ ಹೆಡ್‌ಫೋನ್ ಹೊರತಂದಿತು. ಇಂದಿನ ಅಗ್ಗದ ಹೆಡ್‌ಫೋನುಗಳೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ. 1958ರಲ್ಲಿ ಅಮೆರಿಕದ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನ್ ತಂದು ಮನೆಯಲ್ಲಿ ಕುಳಿತು ಸಂಗೀತ ಕೇಳುವ ಅಭ್ಯಾಸಕ್ಕೆ ಹೊಸ ರೂಪ ಕೊಟ್ಟರು. ಬಾಲ್ಡ್‌ವಿನ್ ಬಳಸಿದ ಸಮತೋಲನದ ತತ್ವವೂ ಕಣ್ಮರೆಯಾಗಲಿಲ್ಲ. ಶ್ರವಣ ಸಾಧನಗಳ ಪುಟ್ಟ ಗ್ರಾಹಕಗಳಲ್ಲಿ ಅದು ಇಂದಿಗೂ ಜೀವಂತ. ಸರಿಯಾಗಿ ಕೇಳಿಸದವರಿಗೆ ಕೇಳಿಸಬೇಕೆಂಬ ಮೊದಲ ಉದ್ದೇಶ ಅಲ್ಲಿ ಈಡೇರುತ್ತಿದೆ.

ಕೊಳ್ಳುವ ಮುನ್ನ

ಮನೆಬಳಕೆಗೆ ಹೆಡ್‌ಫೋನ್ ಕೊಳ್ಳುವವರು ಇಂದಿಗೂ ನೋಡಬೇಕಾದದ್ದು ಬಾಲ್ಡ್‌ವಿನ್ ಗಮನಿಸಿದ ಅಂಶಗಳನ್ನೇ. ಪಟ್ಟಿ ತಲೆಯನ್ನು ಒತ್ತಬಾರದು, ಬಟ್ಟಲು ಕಿವಿಯನ್ನು ಪೂರ್ತಿ ಆವರಿಸಬೇಕು, ಮಾತು ಸ್ಪಷ್ಟವಾಗಿರಬೇಕು. ಹಿಂಬದಿ ಮುಚ್ಚಿದ ಬಟ್ಟಲು ಪಕ್ಕದವರಿಗೆ ಶಬ್ದ ಸೋರದಂತೆ ತಡೆಯುತ್ತದೆ. ತಂತಿಯಿರುವ ಮಾದರಿಯಾದರೆ 32 ಓಮ್ ಆಸುಪಾಸಿನ ಪ್ರತಿರೋಧ ಮೊಬೈಲ್‌ಗೆ ಹೊಂದುತ್ತದೆ. ಶಬ್ದದ ಮಟ್ಟಕ್ಕೂ ಮಿತಿಯುಂಟು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವುದು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಾತ್ರ.

ನಥಾನಿಯಲ್ ಬಾಲ್ಡ್‌ವಿನ್ 1961ರ ಜನವರಿ 19ರಂದು, ತಮ್ಮ 82ನೇ ವಯಸ್ಸಿನಲ್ಲಿ, ಬಡತನದಲ್ಲಿಯೇ ನಿಧನರಾದರು. ಅವರು ಕಟ್ಟಿದ ಕಾರ್ಖಾನೆಯ ಕಟ್ಟಡ ಮಿಲ್‌ಕ್ರೀಕ್‌ನಲ್ಲಿ ಇಂದಿಗೂ ಉಳಿದುಕೊಂಡಿದ್ದು, ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ.